ಉಪಶಮನವೋ, ಉಪದ್ರವವೋ?

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರಿದ್ದಾರೆ. ಗದ್ದೆ, ಅಡಿಕೆತೋಟಗಳುಳ್ಳ ಗೃಹಸ್ಥರು. ವಯಸ್ಸು ಅರುವತ್ತರ ಸಮೀಪ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆಗಳನ್ನು ಸೇವಿಸುತ್ತ ಬಂದವರು. ಗುಳಿಗೆಯ ಬಾಳು ಬೇಸರವಾಗಿ, ನೆರೆಯ ಊರೊಂದರಲ್ಲಿ ಏರ್ಪಟ್ಟಿದ್ದ ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿ, ಅಲ್ಲಿ ಹೇಳಿಕೊಟ್ಟಂತೆ ಮನೆಯಲ್ಲಿಯೇ ನಿಂಬೆಹಣ್ಣಿನ ನೀರನ್ನು ಮಾತ್ರ ಕುಡಿಯುತ್ತ ಉಪವಾಸವನ್ನು ಕೈಗೊಂಡರು. ಅವರು ಯಾವ ಗುಳಿಗೆ ಸೇವಿಸುತ್ತಿರುವರೆಂದು ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅನ್ನ ನಿಂತಿತು, ಗುಳಿಗೆ ನಿಲ್ಲಲಿಲ್ಲ. ಎರಡನೆಯ ದಿನ ತಲೆನೋವು. ಮೂರನೆಯ ದಿನ ಕೈನಡುಕ, ತಣ್ಣನೆಯ ಬೆವರು, ಮಾತಿನಲ್ಲಿ ತೊಡಕು. ಶಿಬಿರದವರಿಗೆ ದೂರವಾಣಿಯಲ್ಲಿ ತಿಳಿಸಲಾಗಿ, "ಹೆದರಬೇಡಿ; ರೋಗ ಹೊರಡುವ ಮುನ್ನ ಹೀಗೆಯೇ ಉಲ್ಬಣಿಸುವುದು; ಇದು ಗುಣದ ಲಕ್ಷಣ" ಎಂಬ ಉತ್ತರ ಬಂದಿತು. ನಾಲ್ಕನೆಯ ದಿನ ಬೆಳಗಿನ ಜಾವದಲ್ಲಿ ಎಬ್ಬಿಸಿದರೆ ಏಳಲಿಲ್ಲ. ಮಗನು 108ಕ್ಕೆ ಕರೆ ಮಾಡಿದನು. ಗಾಡಿಯಲ್ಲಿ ಬಂದವರು ಬೆರಳ ತುದಿಯ ರಕ್ತದ ಹನಿಯೊಂದನ್ನು ಪರೀಕ್ಷಿಸಿ, ಸಕ್ಕರೆ ತಳ ಸೇರಿರುವುದನ್ನು ಕಂಡು, ನರಕ್ಕೆ ಗ್ಲೂಕೋಸ್ ಹಾಕಿದರು. ಕೆಲವೇ ನಿಮಿಷಗಳಲ್ಲಿ ಗೃಹಸ್ಥರು ಕಣ್ಣು ತೆರೆದರು. ಆ ಬಗೆಯ ಗುಳಿಗೆಯ ಪ್ರಭಾವ ಬಹು ಹೊತ್ತು ಉಳಿಯುವುದರಿಂದ ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಕಳುಹಿಸಿದರು.

ನಾವು ನೋಡಲು ಹೋದಾಗ ಅವರ ಮನೆಯಾಕೆ ಹೇಳಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ: "ಬೆವರೋದು ನೋಡಿ ವಿಷ ಹೊರಗ ಹೊಂಟೈತಿ ಅಂತ ತಿಳ್ಕಂಡ್ವಿ ಸ್ವಾಮಿ. ಒರೆಸಿಕೋತ ಕುಂತಿದ್ದೆ."

ಆ ತಾಯಿಯ ತಪ್ಪೇನೂ ಇಲ್ಲ. ಆಕೆಗೆ ಹೇಳಿಕೊಟ್ಟಿದ್ದ ತತ್ತ್ವವೇ ಅದು. ಆ ತತ್ತ್ವದಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ಕುರಿತು ಎರಡು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದು ಈ ಲೇಖನಕ್ಕೆ ಕೈಹಾಕಿದ್ದೇವೆ. ನಾವು ವೈದ್ಯರಲ್ಲ. ಆದರೆ ವಾದದ ಗಟ್ಟಿತನವನ್ನೂ ಟೊಳ್ಳುತನವನ್ನೂ ತಟ್ಟಿ ನೋಡುವುದು ಪತ್ರಿಕೆಯವರ ಕಸುಬು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಪ್ರಕೃತಿ ಚಿಕಿತ್ಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನೀರು, ಮಣ್ಣು, ಬಿಸಿಲು, ಗಾಳಿ, ಮಿತಾಹಾರಗಳ ಮಹಿಮೆಯನ್ನು ಜನರಿಗೆ ನೆನಪು ಮಾಡಿಕೊಟ್ಟ ಪದ್ಧತಿ ಅದು. ಮಹಾತ್ಮಾ ಗಾಂಧಿಯವರು ಅದನ್ನು ಬಡವರ ವೈದ್ಯವೆಂದು ಎತ್ತಿ ಹಿಡಿದು, 1946ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಆಶ್ರಮವನ್ನೇ ತೆರೆದರು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಜಿಂದಾಲ್ ಸಂಸ್ಥೆ, ಧರ್ಮಸ್ಥಳದ ಬಳಿಯ ಶಾಂತಿವನ, 1989ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ಕಾಲೇಜು, ಮೈಸೂರಿನ ಸರ್ಕಾರಿ ಕಾಲೇಜು ಇವೆಲ್ಲವೂ ಈ ಪದ್ಧತಿಯನ್ನು ಶಾಸ್ತ್ರೀಯವಾದ ಅಧ್ಯಯನಕ್ಕೆ ಒಳಪಡಿಸಿವೆ. ಐದೂವರೆ ವರ್ಷ ಓದಿ ಪದವಿ ಪಡೆದ ಪ್ರಕೃತಿ ವೈದ್ಯರು ಇಂದು ನಾಡಿನಲ್ಲಿ ಇದ್ದಾರೆ. ಹೊಟ್ಟೆಯ ಮಿತಿ, ನಡಿಗೆ, ನಿದ್ರೆ, ಉಪ್ಪು ಸಕ್ಕರೆಗಳ ಸಂಯಮ ಇವುಗಳಿಂದ ರಕ್ತದೊತ್ತಡವೂ ಮಧುಮೇಹವೂ ಹತೋಟಿಗೆ ಬರಲು ನೆರವಾಗುವುದೆಂಬುದನ್ನು ಯಾವ ವೈದ್ಯನೂ ಇಂದು ಅಲ್ಲಗಳೆಯನು.

ಹಾಗಾದರೆ ಈ ಉಲ್ಬಣದ ತತ್ತ್ವ ಎಲ್ಲಿಂದ ಬಂದಿತು? 19ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಜಲಚಿಕಿತ್ಸೆಯನ್ನು ಪ್ರಸಿದ್ಧಿಗೆ ತಂದ ಪ್ರೀಸ್‌ನಿಟ್ಸ್ ಎಂಬ ರೈತನು, ತಣ್ಣೀರಿನ ಪಟ್ಟಿಯ ಕೆಳಗೆ ಗುಳ್ಳೆ ಬೊಕ್ಕೆಗಳು ಎದ್ದರೆ ಅದು ಒಳಗಿನ ಕೆಟ್ಟ ದ್ರವ್ಯ ಹೊರಬೀಳುವ ಕಾಲವೆಂದು ಭಾವಿಸಿದನು. ತರುವಾಯ ಜರ್ಮನಿಯ ಲೂಯಿ ಕೂನೆಯು ಎಲ್ಲ ರೋಗಗಳಿಗೂ ಶರೀರದಲ್ಲಿ ಶೇಖರವಾದ ಪರದ್ರವ್ಯವೇ ಕಾರಣವೆಂದು ಸಾರಿದನು. ಅಮೆರಿಕದ ಲಿಂಡ್ಲಾರ್ ಎಂಬುವನು ಇದನ್ನು ಗುಣದ ಸಂಧಿಕಾಲವೆಂದು ವರ್ಣಿಸಿದನು. ಆದರೆ ಗಮನಿಸತಕ್ಕ ಸಂಗತಿಯೊಂದಿದೆ. ಗುಣದ ಸಂಧಿಯೂ ಇದೆ, ರೋಗದ ಸಂಧಿಯೂ ಇದೆ, ಇವೆರಡೂ ಬೇರೆ ಬೇರೆ ಎಂದು ಆ ಲಿಂಡ್ಲಾರನೇ ಹೇಳಿದ್ದನು. ಗುರು ಮಾಡಿದ ಈ ಭೇದವನ್ನು ಇಂದಿನ ಅನೇಕ ಶಿಷ್ಯರು ಮರೆತಿದ್ದಾರೆ.

ಇನ್ನು ನಿಜವೆಷ್ಟೆಂಬುದನ್ನು ನೋಡೋಣ. ಮೂವತ್ತು ವರ್ಷ ಬೆಳಗ್ಗೆ ಎರಡು, ಮಧ್ಯಾಹ್ನ ಎರಡು ಲೋಟ ಕಾಫಿ ಕುಡಿದ ನಾವು ಒಮ್ಮೆ ವ್ರತವೆಂದು ಅದನ್ನು ಬಿಟ್ಟೆವು. ಮಾರನೆಯ ದಿನ ಹಣೆಯ ಮೇಲೆ ಬೀಸುಕಲ್ಲು ಇಟ್ಟಂತೆ ತಲೆ ನೋಯಿತು. ಸಂಪಾದಕೀಯದ ಮಾತಿರಲಿ, ಪ್ರೂಫು ತಿದ್ದುವುದೂ ಆಗಲಿಲ್ಲ. ನಾಲ್ಕನೆಯ ದಿನಕ್ಕೆ ಎಲ್ಲವೂ ಸರಿಹೋಯಿತು. ಕಾಫಿ ಬಿಟ್ಟ 12ರಿಂದ 24 ಗಂಟೆಗಳೊಳಗೆ ನೋವು ಆರಂಭವಾಗಿ, ಒಂದೆರಡು ದಿನಗಳಲ್ಲಿ ತುದಿಗೇರಿ, ಹೆಚ್ಚೆಂದರೆ ಒಂಬತ್ತು ದಿನಗಳೊಳಗೆ ಇಳಿಯುವುದೆಂದು ವೈದ್ಯರು ಲೆಕ್ಕ ಹಾಕಿಟ್ಟಿದ್ದಾರೆ. ಇದು ವಿಷ ಹೊರಡುವ ನೋವಲ್ಲ. ಅಭ್ಯಾಸವಾದ ವಸ್ತುವಿಲ್ಲದೆ ಮಿದುಳಿನ ರಕ್ತನಾಳಗಳು ಹಿಗ್ಗುವ ನೋವು. ಹಾಗೆಯೇ ಬಹುಕಾಲ ಕುಳಿತು ಕೆಲಸ ಮಾಡಿದವನು ಮೊದಲ ದಿನ ಯೋಗಾಸನ ಮಾಡಿದರೆ ಮುಂದಿನ ಒಂದರಿಂದ ಮೂರು ದಿನ ಮೈಕೈ ನೋಯುವುದು ಸಹಜ. ಉಪವಾಸದಲ್ಲಿ ಶರೀರವು ಕೊಬ್ಬನ್ನು ಉರಿಸತೊಡಗಿದಾಗ ಬಾಯಿ ನಾರುವುದು, ಎದ್ದು ನಿಂತರೆ ತಲೆ ತಿರುಗುವುದು, ನಾಲಗೆಗೆ ಪೊರೆ ಕಟ್ಟುವುದು ಇವೂ ಉಂಟು. ಇವು ಯಾವುವನ್ನೂ ನಾವು ಸುಳ್ಳೆನ್ನುವುದಿಲ್ಲ.

ಕತ್ತಲಗೆರೆಯ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟಾಗ ಮೊದಲು ಬರುವುದು ಕಸ, ಕಡ್ಡಿ, ರಾಡಿ. ಅದನ್ನು ಕಂಡು ಯಾವ ರೈತನೂ ಗಾಬರಿಗೊಳ್ಳುವುದಿಲ್ಲ; ತಿಳಿನೀರು ಹಿಂದೆಯೇ ಬರುವುದೆಂದು ಬಲ್ಲನು. ಆದರೆ ರಾಡಿ ಎಷ್ಟು ಹೊತ್ತು ಬರಬೇಕೆಂಬುದನ್ನೂ ಅವನು ಬಲ್ಲನು. ಹೊತ್ತು ಮೀರಿಯೂ ಕೆಮ್ಮಣ್ಣಿನ ನೀರೇ ಬರುತ್ತಿದ್ದರೆ, "ಕಾಲುವೆ ಶುದ್ಧಿಯಾಗುತ್ತಿದೆ" ಎಂದು ಮನೆಯಲ್ಲಿ ಮಲಗುವನೇ? ಗುದ್ದಲಿ ಹೆಗಲಿಗೇರಿಸಿಕೊಂಡು, ಏರಿ ಎಲ್ಲಿ ಒಡೆದಿದೆಯೆಂದು ನೋಡಲು ಓಡುವನು. ಸಹಜವಾದ ಉಲ್ಬಣಕ್ಕೆ ಕಾರಣವೊಂದಿರುವುದು, ಅವಧಿಯೊಂದಿರುವುದು, ಪ್ರಮಾಣವೊಂದಿರುವುದು. ಈ ಮೂರೂ ಇಲ್ಲದ ಉಲ್ಬಣವು ಗುಣವಲ್ಲ. ಏರಿ ಒಡೆದ ಸೂಚನೆ.

ಈ ವಿಷಯದಲ್ಲಿ ಅಲೋಪಥಿ ವೈದ್ಯರ ನಡವಳಿಕೆಯಿಂದ ಕಲಿಯತಕ್ಕ ಪಾಠವೊಂದಿದೆ. ಔಷಧದಿಂದಲೇ ಮೊದಲು ರೋಗ ಕೆರಳುವುದು ಅವರಲ್ಲಿಯೂ ಉಂಟು. ಫರಂಗಿ ರೋಗಕ್ಕೆ ಔಷಧ ಕೊಟ್ಟ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬಂದು, ಒಂದು ದಿನದೊಳಗೆ ಇಳಿಯುವುದನ್ನು ಯಾರಿಷ್, ಹರ್ಕ್ಸ್‌ಹೈಮರ್ ಎಂಬ ಇಬ್ಬರು ವೈದ್ಯರು 1895 ಮತ್ತು 1902ರಲ್ಲಿ ಗುರುತಿಸಿದರು. ಕ್ಷಯಕ್ಕೆ ಚಿಕಿತ್ಸೆ ನಡೆಯುತ್ತಿರುವಾಗ ಗಂಟುಗಳು ಒಮ್ಮೆ ದಪ್ಪವಾಗುವುದುಂಟು. ಕುಷ್ಠದ ಚಿಕಿತ್ಸೆಯ ನಡುವೆ ಮಚ್ಚೆಗಳು ಕೆಂಪಾಗಿ ಊದಿ, ನರಗಳು ನೋಯುವುದುಂಟು. ಇಲ್ಲಿ ರೋಗಾಣು ಸಾಯುತ್ತಿರುವುದು ನಿಶ್ಚಯ. ಔಷಧ ಫಲಿಸುತ್ತಿರುವುದೂ ನಿಶ್ಚಯ. ಆದರೂ ವೈದ್ಯನು "ಒಳ್ಳೆಯ ಲಕ್ಷಣ" ಎಂದು ಕೈಕಟ್ಟಿ ಕೂರುವುದಿಲ್ಲ. ನರ ಸತ್ತು ಕೈ ಸೊಟ್ಟಗಾದೀತೆಂಬ ಭಯದಿಂದ ಒಡನೆಯೇ ಆ ಉರಿಯೂತಕ್ಕೆ ಬೇರೆ ಔಷಧ ಕೊಡುವನು. ಗುಣದ ಉಲ್ಬಣವೆಂದು ರುಜುವಾತಾದ ಸ್ಥಳದಲ್ಲಿಯೇ ಇಷ್ಟು ಎಚ್ಚರವಿರುವಾಗ, ರುಜುವಾತಿಲ್ಲದ ಸ್ಥಳದಲ್ಲಿ ನಿಶ್ಚಿಂತೆಯೆಂದರೆ ಅದಕ್ಕೆ ಏನೆನ್ನಬೇಕು?

ಅಪಾಯವಿರುವುದು ಲಕ್ಷಣಗಳು ಒಂದನ್ನೊಂದು ಹೋಲುವುದರಲ್ಲಿ. ಬೆವರು ವ್ಯಾಯಾಮದಿಂದಲೂ ಬರುವುದು, ರಕ್ತದ ಸಕ್ಕರೆ ಕುಸಿದಾಗಲೂ ಬರುವುದು. ನಮ್ಮ ಕತ್ತಲಗೆರೆಯ ಮಿತ್ರರಿಗೆ ಬಂದದ್ದು ಎರಡನೆಯದು. ಬಾಯಿಯ ವಾಸನೆ ಉಪವಾಸಿಗೂ ಇರುವುದು; ಇನ್ಸುಲಿನ್ನನ್ನೇ ನಂಬಿ ಬದುಕುವ ಮಧುಮೇಹಿಯು ಅದನ್ನು ನಿಲ್ಲಿಸಿದಾಗಲೂ ಇರುವುದು. ಮೊದಲನೆಯವನಿಗೆ ಅದು ಕ್ಷುಲ್ಲಕ. ಎರಡನೆಯವನಿಗೆ ವಾಂತಿ, ಏದುಸಿರು, ಮಂಪರುಗಳೊಡನೆ ಮೃತ್ಯುವಿನ ಕರೆ. ಕುಡಿತ ಬಿಡಲೆಂದು ಶಿಬಿರ ಸೇರಿದವನ ಕೈ ನಡುಗಿದರೆ ಮಣ್ಣುಪಟ್ಟಿ ಹಾಕಿ ಸುಮ್ಮನಿರುವುದು ಸಲ್ಲದು. ಹೆಚ್ಚು ಕುಡಿಯುತ್ತಿದ್ದವನಿಗೆ ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು. ಎರಡು ಮೂರು ದಿನಗಳಾದ ಮೇಲೆ ಸನ್ನಿಯೇ ಹಿಡಿದು ಪ್ರಾಣಕ್ಕೆ ಕುತ್ತಾಗಬಹುದು. ಮೂರ್ಛೆರೋಗದ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಮೂರ್ಛೆ ಮರುಕಳಿಸುವುದು. ಬಹುಕಾಲ ಸ್ಟಿರಾಯ್ಡ್ ನುಂಗಿದವರು ಅದನ್ನು ಹಠಾತ್ತನೆ ನಿಲ್ಲಿಸಿದರೆ ಶರೀರವೇ ಕುಸಿದು ಬೀಳುವುದು. ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡವು ಮೊದಲಿಗಿಂತಲೂ ಮೇಲಕ್ಕೆ ಹಾರುವುದು. ಇವೆಲ್ಲವನ್ನೂ ಗುಣದ ಲಕ್ಷಣವೆಂದು ಕರೆಯುವುದು ಬೆಂಕಿ ಬಿದ್ದ ಮನೆಯನ್ನು ದೀಪಾವಳಿಯೆನ್ನುವಷ್ಟು ಅವಿವೇಕ.

ಲಕ್ಷಣ ಏರಿದುದೆಲ್ಲ ಗುಣವಲ್ಲವೆಂಬಂತೆಯೇ, ಇಳಿದುದೆಲ್ಲವೂ ಗುಣವಲ್ಲ. ಡೆಂಗೆಯಲ್ಲಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ, ಮಂಪರು ಕಾಣಿಸಿದರೆ ತಡಮಾಡಬಾರದು. 1957ರಲ್ಲಿ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾಗಿ, ಜನರ ಬಾಯಲ್ಲಿ ಮಂಗನ ಕಾಯಿಲೆಯೆನಿಸಿಕೊಂಡ ರೋಗದಲ್ಲಿಯೂ ಕೆಲವರಿಗೆ ಜ್ವರ ಬಿಟ್ಟು, ವಾರವೊಂದೆರಡು ಕಳೆದು, ತಲೆನೋವು ಭ್ರಮೆಗಳೊಡನೆ ಮರಳಿ ಬರುವುದು. ಹೀಗಿರುವಾಗ ಏರಿಳಿತವನ್ನು ಮಾತ್ರ ನೋಡಿ ಮನೆಯಲ್ಲಿ ಕುಳಿತು ತೀರ್ಪು ಕೊಡುವುದು ಯಾರಿಗೂ ಸಾಧ್ಯವಿಲ್ಲ.

ಈ ತತ್ತ್ವದ ತಾರ್ಕಿಕ ದೋಷವನ್ನೂ ಹೇಳಿಬಿಡುತ್ತೇವೆ. ರೋಗಿ ಸುಧಾರಿಸಿದರೆ ಚಿಕಿತ್ಸೆ ಫಲಿಸಿತು. ರೋಗಿ ಹದಗೆಟ್ಟರೆ ಚಿಕಿತ್ಸೆ ಇನ್ನೂ ಚೆನ್ನಾಗಿ ಫಲಿಸುತ್ತಿದೆ. ಹೀಗೆಂದಮೇಲೆ ಸೋಲುವುದಾದರೂ ಯಾವಾಗ? ಸೋಲಲಾರದ ವಾದವು ಗೆದ್ದ ವಾದವಲ್ಲ. ಪರೀಕ್ಷೆಗೆ ಕೂರದ ವಾದ. ಕತ್ತಲಗೆರೆಯಲ್ಲಿಯೇ ಕೃಷಿ ಮತ್ತು ತೋಟಗಾರಿಕೆಯ ಸಂಶೋಧನಾ ಕೇಂದ್ರವೊಂದಿದೆ. ಹೊಸ ತಳಿಯೊಂದು ಒಳ್ಳೆಯದೆನ್ನಬೇಕಾದರೆ ಕೃಷಿ ವಿಜ್ಞಾನಿಗಳು ಹಳೆಯ ತಳಿಯ ಪಕ್ಕದಲ್ಲಿ ಅದನ್ನು ಬಿತ್ತಿ, ಅದೇ ನೀರು, ಅದೇ ಗೊಬ್ಬರ ಕೊಟ್ಟು, ಇಳುವರಿಯನ್ನು ತೂಗಿ ನೋಡುವರು. ಪೈರು ಒಣಗಿದರೆ "ಇದು ಫಲ ಬಿಡುವ ಲಕ್ಷಣ" ಎಂದು ಅಲ್ಲಿ ಯಾರಾದರೂ ಬರೆದರೆ ಅವರ ಕೈಯಿಂದ ಲೇಖನಿಯನ್ನು ಕಿತ್ತುಕೊಳ್ಳಬೇಕಾದೀತು. ಭತ್ತಕ್ಕಿರುವ ಪರೀಕ್ಷೆ ಮನುಷ್ಯನಿಗೆ ಬೇಡವೇ? ಆರುವ ದೀಪ ಜೋರಾಗಿ ಉರಿಯುವುದೆಂದು ಇವರು ದೃಷ್ಟಾಂತ ಕೊಡುವರು. ಒಪ್ಪಿದೆವು. ಆದರೆ ಆರುತ್ತಿರುವ ದೀಪವು ರೋಗದ್ದೋ ರೋಗಿಯದೋ ಎಂಬುದನ್ನು ಮೊದಲು ನೋಡಬೇಕಲ್ಲವೇ?

ಇದೆಲ್ಲ ಪಾಶ್ಚಾತ್ಯರ ಸಂಶಯಬುದ್ಧಿ, ನಮ್ಮ ಪರಂಪರೆಗೆ ಶ್ರದ್ಧೆಯೇ ಮುಖ್ಯ ಎಂದು ಕೆಲವರು ಆಕ್ಷೇಪಿಸಬಹುದು. ಪರಂಪರೆಯನ್ನು ಬಲ್ಲವರು ಹೀಗೆ ಹೇಳಲಾರರು. ನಮ್ಮ ಆಯುರ್ವೇದವು ಲಂಘನವನ್ನು ಹೊಗಳಿತು, ವಮನ ವಿರೇಚನಗಳನ್ನು ವಿಧಿಸಿತು. ಆದರೆ ಕಣ್ಣು ಮುಚ್ಚಿ ವಿಧಿಸಲಿಲ್ಲ. ಶೋಧನವು ಸರಿಯಾಗಿ ಆದುದಕ್ಕೆ ಸಮ್ಯಗ್ಯೋಗವೆಂದೂ, ಸಾಲದಾದುದಕ್ಕೆ ಅಯೋಗವೆಂದೂ, ಮಿತಿಮೀರಿದುದಕ್ಕೆ ಅತಿಯೋಗವೆಂದೂ ಮೂರು ಹೆಸರಿಟ್ಟು, ಮೂರರ ಲಕ್ಷಣಗಳನ್ನೂ ಬೇರೆ ಬೇರೆಯಾಗಿ ಹೇಳಿತು. ಚಿಕಿತ್ಸೆಯಿಂದ ಒದಗುವ ಕೇಡಿಗೆ ವ್ಯಾಪತ್ತು ಎಂದು ಹೆಸರಿಟ್ಟು, ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ ಅಂಥವುಗಳ ಪಟ್ಟಿಯನ್ನೂ ಪರಿಹಾರವನ್ನೂ ಬರೆದಿಟ್ಟಿತು. ಶೋಧನವಾದವನಿಗೆ ಒಮ್ಮೆಲೇ ಊಟ ಬಡಿಸದೆ, ಮೊದಲು ತೆಳುಗಂಜಿ, ಬಳಿಕ ಗಟ್ಟಿಗಂಜಿ, ಬಳಿಕ ಕಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕೆಂದು ವಿಧಿಸಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದವರು ಒಮ್ಮೆಲೇ ಹೊಟ್ಟೆತುಂಬ ಉಂಡು ಸತ್ತುದನ್ನು ಕಂಡ ಮೇಲೆ, ದೀರ್ಘ ಉಪವಾಸದ ನಂತರ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕೆಂದು ಪಾಶ್ಚಾತ್ಯ ವೈದ್ಯರೂ ಮನಗಂಡರು. ಆದುದರಿಂದ ಲಕ್ಷಣಗಳನ್ನು ಎಣಿಸುವುದು, ಮಿತಿ ಮೀರಿದಾಗ ನಿಲ್ಲಿಸುವುದು ಪರಕೀಯ ವಿದ್ಯೆಯಲ್ಲ, ನಮ್ಮದೇ ವಿದ್ಯೆ.

ಗಾಂಧಿಯವರ ನಡವಳಿಕೆಯನ್ನೂ ನೆನೆಯಬೇಕು. 1902ರ ಸುಮಾರಿಗೆ ಮುಂಬಯಿಯಲ್ಲಿ ಅವರ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರವೂ ನ್ಯುಮೋನಿಯವೂ ಒಟ್ಟಿಗೆ ಬಂದುವು. ಪಾರಸಿ ವೈದ್ಯರೊಬ್ಬರು ಮೊಟ್ಟೆ ಮತ್ತು ಕೋಳಿಯ ಸಾರನ್ನು ಕೊಡಬೇಕೆಂದರು. ಗಾಂಧಿಯವರು ಒಪ್ಪಲಿಲ್ಲ, ಕೂನೆಯ ಸೊಂಟಸ್ನಾನ, ನೀರು ಬೆರೆಸಿದ ಕಿತ್ತಳೆ ರಸ, ಒದ್ದೆ ಬಟ್ಟೆಯ ಸುತ್ತು ಇವನ್ನು ನೆಚ್ಚಿದರು. ಜ್ವರ 104 ಡಿಗ್ರಿಗೇರಿತು, ತಂದೆ ತಲ್ಲಣಿಸಿದರು, ಕೊನೆಗೆ ಬೆವರು ಬಂದು ಹುಡುಗನು ಉಳಿದನು. ಈ ಕಥೆಯನ್ನು ಶಿಬಿರಗಳಲ್ಲಿ ಹೇಳುವವರು ಒಂದು ಅಂಶವನ್ನು ಬಿಡುತ್ತಾರೆ. ನಾಡಿಯನ್ನೂ ಎದೆಯನ್ನೂ ಪರೀಕ್ಷಿಸಲು ತನಗೆ ಬಾರದೆಂದು ಗಾಂಧಿಯವರು ಆ ವೈದ್ಯರಲ್ಲಿಯೇ ಒಪ್ಪಿಕೊಂಡು, ಆಗಾಗ ಬಂದು ಹುಡುಗನನ್ನು ನೋಡಿ ಸ್ಥಿತಿಯನ್ನು ತಿಳಿಸಬೇಕೆಂದು ಬೇಡಿಕೊಂಡಿದ್ದರು. ಮಗನು ಉಳಿದುದು ದೇವರ ಕೃಪೆಯಿಂದಲೋ, ನೀರಿನಿಂದಲೋ, ಪಥ್ಯದಿಂದಲೋ ಯಾರು ಹೇಳಬಲ್ಲರು ಎಂಬುದೇ ಆತ್ಮಕಥೆಯಲ್ಲಿ ಅವರು ಕೊಟ್ಟ ತೀರ್ಪು. 1924ರಲ್ಲಿ ಅವರಿಗೇ ಕರುಳುಬಾಲದ ಉರಿಯೂತವಾದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ಕನ ಕತ್ತಿಗೆ ಒಡ್ಡಿಕೊಂಡರು. ಪ್ರಕೃತಿ ಚಿಕಿತ್ಸೆಯ ಪರಮಭಕ್ತರಾದ ಅವರಿಗೆ ಇದ್ದ ವಿನಯವು ಹತ್ತು ದಿನದ ತರಬೇತಿ ಪಡೆದ ಶಿಬಿರದ ಉಪದೇಶಕರಿಗೆ ಏಕಿಲ್ಲ?

ಹಾಗಾದರೆ ಮಾಡತಕ್ಕದ್ದೇನು? ಪ್ರಕೃತಿ ವೈದ್ಯರಲ್ಲಿ ನಮ್ಮ ಬಿನ್ನಹವಿಷ್ಟೆ. ಚಿಕಿತ್ಸೆ ಹಿಡಿಯುವ ಮೊದಲು ರೋಗಿಯು ಯಾವ ಯಾವ ಔಷಧ ಸೇವಿಸುತ್ತಿರುವನೆಂದು ಕೇಳಿ ಬರೆದುಕೊಳ್ಳಿರಿ. ಅವನ್ನು ಇಳಿಸುವುದಿದ್ದರೆ ಅವನ್ನು ಬರೆದುಕೊಟ್ಟ ವೈದ್ಯರೊಡನೆ ಮಾತಾಡಿ ಇಳಿಸಿರಿ. ಯಾವ ತೊಂದರೆ ಬರಬಹುದು, ಎಷ್ಟು ದಿನ ಇರಬಹುದು, ಯಾವ ಲಕ್ಷಣ ಕಂಡರೆ ಚಿಕಿತ್ಸೆ ನಿಲ್ಲಿಸಬೇಕು ಎಂಬುದನ್ನು ಮುಂಚಿತವಾಗಿ ಕಾಗದದ ಮೇಲೆ ಬರೆದು ರೋಗಿಯ ಮನೆಯವರ ಕೈಗೆ ಕೊಡಿರಿ. ತೊಂದರೆ ಬಂದ ಮೇಲೆ ಅದಕ್ಕೆ ಶುಭನಾಮವಿಡುವುದು ಜ್ಯೋತಿಷಿಯ ಚಾತುರ್ಯ. ಬರುವ ಮುನ್ನ ಹೇಳುವುದು ವೈದ್ಯನ ಧರ್ಮ. ಪದವಿ ಪಡೆದ ಒಳ್ಳೆಯ ಪ್ರಕೃತಿ ವೈದ್ಯರು ನಾಡಿ, ರಕ್ತದೊತ್ತಡ, ಸಕ್ಕರೆಗಳನ್ನು ನೋಡಿಯೇ ಉಪವಾಸ ಮಾಡಿಸುವರು. ಅವರ ಹೆಸರಿಗೆ ಮಸಿ ಬಳಿಯುತ್ತಿರುವವರು ಅಲೋಪಥಿಯವರಲ್ಲ, ಈ ಅರೆಪಂಡಿತರು.

ರೋಗಿಗಳಿಗೂ ಅವರ ಮನೆಯವರಿಗೂ ಹೇಳುವುದೇನೆಂದರೆ, ಸಣ್ಣ ತಲೆನೋವು, ಮೈಕೈ ನೋವು, ಬಾಯಿಯ ಕಹಿ ಇವನ್ನು ಎರಡು ಮೂರು ದಿನ ತಾಳಿಕೊಳ್ಳಬಹುದು. ಪ್ರಜ್ಞೆ ತಪ್ಪುವುದು, ಮಾತು ತೊದಲುವುದು, ಎಬ್ಬಿಸಲಾಗದ ಮಂಪರು, ಎದೆನೋವು, ಏದುಸಿರು, ಸೆಳವು, ನಿಲ್ಲದ ವಾಂತಿ, ರಕ್ತಸ್ರಾವ, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದನ್ನೂ ಒಂದು ಗಳಿಗೆಯೂ ತಾಳಬಾರದು. ಮಧುಮೇಹಿಗೆ ನಡುಕವೂ ತಣ್ಣನೆಯ ಬೆವರೂ ಬಂದು, ನುಂಗುವ ಎಚ್ಚರ ಇನ್ನೂ ಇದ್ದರೆ ಕೂಡಲೇ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಗುಳಿಗೆಯನ್ನು ಬಿಡುವ ಅಥವಾ ಇಳಿಸುವ ತೀರ್ಮಾನವನ್ನು ಶಿಬಿರದ ವೇದಿಕೆಯ ಮಾತು ಕೇಳಿ ಮಾಡಬಾರದು. ಗರ್ಭಿಣಿಯರು, ಮಕ್ಕಳು, ಹೃದ್ರೋಗ ಮೂತ್ರಪಿಂಡದ ರೋಗಗಳುಳ್ಳವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಉಪವಾಸ ಹಿಡಿಯಲೇಬಾರದು.

ಸರ್ಕಾರಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. ಆಯುರ್ವೇದ, ಯೋಗ ಮೊದಲಾದವುಗಳೊಡನೆ ಪ್ರಕೃತಿ ವೈದ್ಯರನ್ನೂ ನೋಂದಾಯಿಸುವ ಶಾಸನ ನಮ್ಮಲ್ಲಿ 1961ರಿಂದಲೇ ಇದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನ 2007ರಿಂದ ಇದೆ. ಕೊರತೆಯಿರುವುದು ಕಾಗದದಲ್ಲಲ್ಲ, ಕಣ್ಣಿನಲ್ಲಿ. ಕಲ್ಯಾಣಮಂಟಪದಲ್ಲಿ ಹತ್ತು ದಿನದ ಶಿಬಿರ ನಡೆಸಿ ಹನ್ನೊಂದನೆಯ ದಿನ ಊರು ಬಿಡುವವರು ನೋಂದಾಯಿತ ವೈದ್ಯರೇ ಎಂದು ಕೇಳುವ ಅಧಿಕಾರಿ ಬೇಕು. ಶಿಬಿರಕ್ಕೆ ಅನುಮತಿ ಕೊಡುವಾಗ ನೋಂದಣಿಯ ಸಂಖ್ಯೆಯನ್ನು ಬಾಗಿಲಲ್ಲಿ ಬರೆಸುವುದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸುವುದು, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ನೋಡುವ ಏರ್ಪಾಡಿಲ್ಲದೆ ಉಪವಾಸ ಮಾಡಿಸಬಾರದೆಂದು ವಿಧಿಸುವುದು ಇಷ್ಟಕ್ಕೆ ಬೊಕ್ಕಸದಿಂದ ಹೆಚ್ಚಿನ ಹಣ ಬೇಕಾಗಿಲ್ಲ. ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಈ ಕಡೆ ಗಮನ ಕೊಡುವರೆಂದು ನಂಬಿದ್ದೇವೆ. ಸರ್ಕಾರಿ ವೈದ್ಯರಲ್ಲಿಯೂ ಒಂದು ಮಾತು: ರೋಗಿಯು ಉಪವಾಸದ ವಿಚಾರವೆತ್ತಿದೊಡನೆ ಗದರಿಸಿ ಕಳುಹಿಸಿದರೆ ಅವನು ಮುಂದೆ ನಿಮಗೆ ಏನನ್ನೂ ಹೇಳುವುದಿಲ್ಲ. ಕತ್ತಲಗೆರೆಯ ಗೃಹಸ್ಥರು ಗುಳಿಗೆಯ ವಿಷಯವನ್ನು ಶಿಬಿರದವರಿಗೆ ಹೇಳಲಿಲ್ಲ, ಉಪವಾಸದ ವಿಷಯವನ್ನು ತಮ್ಮ ವೈದ್ಯರಿಗೂ ಹೇಳಲಿಲ್ಲ. ಎರಡು ಕಡೆಯ ಮೌನದ ನಡುವೆ ಅವರ ಪ್ರಾಣ ಹೋಗುವುದರಲ್ಲಿದ್ದಿತು.

ಆ ಮಿತ್ರರು ಈಗ ಕ್ಷೇಮವಾಗಿದ್ದಾರೆ. ಗುಳಿಗೆಯನ್ನು ವೈದ್ಯರ ಸಲಹೆಯಂತೆ ಸೇವಿಸುತ್ತ, ಬೆಳಗ್ಗೆ ನಾಲೆಯ ಏರಿಯ ಮೇಲೆ ಎರಡು ಮೈಲಿ ನಡೆಯುತ್ತಾರೆ. ರಾತ್ರಿ ಅನ್ನ ಬಿಟ್ಟು ಒಂದು ರೊಟ್ಟಿ, ಪಲ್ಯ ತಿನ್ನುತ್ತಾರೆ. ಇದೂ ಪ್ರಕೃತಿ ಚಿಕಿತ್ಸೆಯೇ. ಮೊನ್ನೆ ಸಿಕ್ಕಿದಾಗ ಗುಳಿಗೆ ಅರ್ಧಕ್ಕೆ ಇಳಿದಿದೆಯೆಂದು ಸಂತೋಷದಿಂದ ತಿಳಿಸಿದರು. ಮನೆಯಾಕೆಯ ಸೆರಗಿನ ಗಂಟಿನಲ್ಲಿ ಮಾತ್ರ ಈಗ ಯಾವಾಗಲೂ ಒಂದು ಬೆಲ್ಲದ ಚೂರು ಇರುತ್ತದಂತೆ.